ಯಕೃತ್ತಿನ ಅಪಧಮನಿಗಳ ಜಾಡು ಹಿಡಿದು: ಸಿ.ಟಿ. ಚಿತ್ರ ಓದಲು ಹೊರಟವರಿಗೆ ಮೊದಲ ಪಾಠ

ಜಠರದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡುವಾಗ ಎಡ ಜಠರ ಅಪಧಮನಿಯನ್ನು ಬುಡದಲ್ಲೇ ಕಟ್ಟಿ ಕತ್ತರಿಸುವುದು ವಾಡಿಕೆ. ಹೆಚ್ಚಿನವರಲ್ಲಿ ಇದರಿಂದ ಯಕೃತ್ತಿಗೆ ಏನೂ ಆಗುವುದಿಲ್ಲ. ಆದರೆ ಹತ್ತು ಜನರಲ್ಲಿ ಒಬ್ಬರಿಗಾದರೂ ಯಕೃತ್ತಿನ ಎಡಭಾಗಕ್ಕೆ ಹೋಗುವ ಅಪಧಮನಿ ಹುಟ್ಟುವುದೇ ಈ ಎಡ ಜಠರ ಅಪಧಮನಿಯಿಂದ. ಅಂಥವರಲ್ಲಿ ಬುಡ ಕಟ್ಟಿದರೆ ಜಠರದ ಜೊತೆಗೆ ಯಕೃತ್ತಿನ ಒಂದು ಭಾಗಕ್ಕೂ ಅಪಧಮನಿಯ ರಕ್ತ ನಿಂತುಹೋಗುತ್ತದೆ. ಆ ಒಬ್ಬರು ಯಾರು ಎಂದು ಹೊಟ್ಟೆ ತೆರೆಯುವ ಮೊದಲೇ ತಿಳಿಯುವುದು ಹೇಗೆ? ಇಂದು ಅದಕ್ಕೆ ನೆಚ್ಚಿನ ಸಾಧನ ಸಿ.ಟಿ. ಆಂಜಿಯೋಗ್ರಫಿ.

ರೇಡಿಯಾಲಜಿಗೆ ಹೊಸದಾಗಿ ಬಂದ ವಿದ್ಯಾರ್ಥಿಗಳು, ಅಂಗರಚನಾಶಾಸ್ತ್ರ ಓದುತ್ತಿರುವವರು, ವೈದ್ಯರಲ್ಲದಿದ್ದರೂ ದೇಹದ ಒಳಗಿನ ವಿಚಾರದಲ್ಲಿ ಕುತೂಹಲ ಇರುವವರು, ಎಲ್ಲರಿಗೂ ಈ ಪಾಠ ಹೊಂದುತ್ತದೆ. ಪಾಠದ ಉದ್ದಕ್ಕೂ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದುಕೊಂಡಿರಿ. ಈ ಅಪಧಮನಿ ಎಲ್ಲಿ ಹುಟ್ಟಿತು? ಯಾವ ದಾರಿ ಹಿಡಿಯಿತು? ಯಾವ ಭಾಗಕ್ಕೆ ರಕ್ತ ಕೊಡುತ್ತದೆ? ಚಿತ್ರದಲ್ಲಿ ಕಾಣುವ ಪ್ರತಿಯೊಂದು ಅಪಧಮನಿಗೂ ಈ ಮೂರನ್ನೂ ಕೇಳಿದವರಿಗೆ ಯಾವ ವಿಚಿತ್ರ ರಚನೆಯೂ ಗೊಂದಲ ತರುವುದಿಲ್ಲ. ಒಂದನ್ನು ಕೇಳದೆ ಬಿಟ್ಟರೂ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಯಕೃತ್ತಿಗೆ ಎರಡು ಕಡೆಯಿಂದ ರಕ್ತ

ದೇಹದ ಬಹುತೇಕ ಅಂಗಗಳಿಗೆ ರಕ್ತ ಬರುವುದು ಅಪಧಮನಿಯಿಂದ ಮಾತ್ರ. ಯಕೃತ್ತಿನದು ಬೇರೆ ಲೆಕ್ಕ. ಅದಕ್ಕೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲನ್ನು ಕರುಳು ಮತ್ತು ಗುಲ್ಮದ ಕಡೆಯಿಂದ ಪೋರ್ಟಲ್ ಅಭಿಧಮನಿ ತರುತ್ತದೆ. ಉಳಿದ ಕಾಲುಪಾಲು ಯಕೃತ್ ಅಪಧಮನಿಯದು. ಕಾಲುಪಾಲು ತಾನೆ ಎಂದು ಅಪಧಮನಿಯನ್ನು ಹಗುರಾಗಿ ಕಾಣುವಂತಿಲ್ಲ. ಆಮ್ಲಜನಕದ ಲೆಕ್ಕಕ್ಕೆ ಬಂದರೆ ಎರಡರ ಕೊಡುಗೆಯೂ ಹೆಚ್ಚುಕಡಿಮೆ ಸಮಸಮ.

ಇನ್ನೂ ಎರಡು ಸಂಗತಿ ಗಮನಿಸಿ. ಯಕೃತ್ತಿನೊಳಗಿನ ಪಿತ್ತನಾಳಗಳನ್ನು ಪೋಷಿಸುವುದು ಅಪಧಮನಿಯೇ. ಹಾಗಾಗಿ ಯಕೃತ್ ಕಸಿ ಆದ ಮೇಲೆ ಅಪಧಮನಿ ಹೆಪ್ಪುಗಟ್ಟಿ ಮುಚ್ಚಿದರೆ ಮೊದಲು ಕೆಡುವುದು ಪಿತ್ತನಾಳ. ಎರಡನೆಯದು, ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರ್ ಗೆಡ್ಡೆಗಳು ತಮ್ಮ ರಕ್ತವನ್ನು ಬಹುಪಾಲು ಅಪಧಮನಿಯಿಂದಲೇ ಎಳೆದುಕೊಳ್ಳುತ್ತವೆ. ಅಪಧಮನಿಯ ಮೂಲಕ ಔಷಧ ಬಿಟ್ಟು, ಅದನ್ನು ಮುಚ್ಚಿ ಗೆಡ್ಡೆಯನ್ನು ಸೊರಗಿಸುವ ಟೇಸ್ ಎಂಬ ಚಿಕಿತ್ಸೆ ನಿಂತಿರುವುದು ಈ ಸಂಗತಿಯ ಮೇಲೆ.

ಪುಸ್ತಕದಲ್ಲಿರುವ ಚಿತ್ರ

ಮೊದಲು ಸಾಮಾನ್ಯ ರಚನೆಯನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳೋಣ. ಮಹಾಪಧಮನಿ ಎದೆಯಿಂದ ಹೊಟ್ಟೆಗೆ ಇಳಿಯುತ್ತಿದ್ದಂತೆ, ಹನ್ನೆರಡನೆಯ ಎದೆ ಕಶೇರು ಮತ್ತು ಮೊದಲ ಸೊಂಟದ ಕಶೇರುಗಳ ಮಟ್ಟದಲ್ಲಿ, ಅದರ ಮುಂಭಾಗದಿಂದ ಗಿಡ್ಡನೆಯ ಒಂದು ಕಾಂಡ ಹೊರಡುತ್ತದೆ. ಅದೇ ಸೀಲಿಯಾಕ್ ಟ್ರಂಕ್. ಅದು ಮೂರಾಗಿ ಒಡೆಯುತ್ತದೆ: ಮೇಲಕ್ಕೆ ಎಡ ಜಠರ ಅಪಧಮನಿ, ಎಡಕ್ಕೆ ಗುಲ್ಮದ ಅಪಧಮನಿ, ಬಲಕ್ಕೆ ಸಾಮಾನ್ಯ ಯಕೃತ್ ಅಪಧಮನಿ. ಈ ಮೂರು ಕವಲಿನ ರಚನೆಯನ್ನು 1756ರಲ್ಲಿ ವಿವರಿಸಿದ ಸ್ವಿಸ್ ವಿಜ್ಞಾನಿ ಆಲ್ಬ್ರೆಕ್ಟ್ ಫಾನ್ ಹಾಲರ್ ಅವರ ಹೆಸರಿನಲ್ಲಿ ಇದನ್ನು ಹಾಲರನ ತ್ರಿಪಾದ ಎನ್ನುತ್ತಾರೆ.

ಸಾಮಾನ್ಯ ಯಕೃತ್ ಅಪಧಮನಿ ಬಲಕ್ಕೆ ಸಾಗಿ, ಗ್ಯಾಸ್ಟ್ರೋಡುಯೋಡಿನಲ್ ಎಂಬ ಕವಲನ್ನು ಕೆಳಕ್ಕೆ ಬಿಡುತ್ತದೆ. ವಾರ್ಡಿನಲ್ಲಿ ಎಲ್ಲರೂ ಇದನ್ನು ಜಿಡಿಎ ಎಂದೇ ಕರೆಯುವುದರಿಂದ ನಾವೂ ಹಾಗೆಯೇ ಕರೆಯೋಣ. ಜಿಡಿಎ ಕವಲೊಡೆದ ಮೇಲೆ ಉಳಿದ ಭಾಗಕ್ಕೆ ಪ್ರಾಪರ್ ಯಕೃತ್ ಅಪಧಮನಿ ಎಂದು ಹೆಸರು. ಅದು ಪೋರ್ಟಲ್ ಅಭಿಧಮನಿಯ ಮುಂದೆ, ಪಿತ್ತನಾಳದ ಎಡಬದಿಯಲ್ಲಿ ಮೇಲೇರಿ, ಬಲ ಮತ್ತು ಎಡ ಯಕೃತ್ ಅಪಧಮನಿಗಳಾಗಿ ಒಡೆಯುತ್ತದೆ. ಪಿತ್ತಕೋಶಕ್ಕೆ ಹೋಗುವ ಸಣ್ಣ ಅಪಧಮನಿ ಸಾಮಾನ್ಯವಾಗಿ ಬಲ ಯಕೃತ್ ಅಪಧಮನಿಯ ಕೂಸು.

ಸೀಲಿಯಾಕ್ ಟ್ರಂಕ್‌ನಿಂದ ಸುಮಾರು ಒಂದು ಸೆಂಟಿಮೀಟರ್ ಕೆಳಗೆ ಮಹಾಪಧಮನಿಯಿಂದ ಇನ್ನೊಂದು ದೊಡ್ಡ ಕವಲು ಹೊರಡುತ್ತದೆ: ಸುಪೀರಿಯರ್ ಮೆಸೆಂಟೆರಿಕ್ ಅಪಧಮನಿ, ಅಂದರೆ ಎಸ್‌ಎಂಎ. ಪುಸ್ತಕದ ಚಿತ್ರದ ಪ್ರಕಾರ ಇದು ಕರುಳಿನ ಅಪಧಮನಿ, ಯಕೃತ್ತಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ನಮ್ಮ ಪಾಠದಲ್ಲಿ ಇದಕ್ಕೆ ದೊಡ್ಡ ಪಾತ್ರವಿದೆ.

ಚಿತ್ರ ಏಕೆ ಬದಲಾಗುತ್ತದೆ

ಈ ವ್ಯತ್ಯಾಸಗಳು ರೋಗವಲ್ಲ, ಊನವೂ ಅಲ್ಲ. ಭ್ರೂಣದ ಬೆಳವಣಿಗೆ ಬೇರೆ ಬೇರೆ ದಾರಿ ಹಿಡಿದು ಮುಗಿದದ್ದರ ಗುರುತು ಅಷ್ಟೇ. 1904ರಲ್ಲಿ ವಿಯೆನ್ನಾದ ಅಂಗರಚನಾಶಾಸ್ತ್ರಜ್ಞ ಯೂಲಿಯಸ್ ಟಾಂಡ್ಲರ್ ಇದಕ್ಕೆ ಕೊಟ್ಟ ವಿವರಣೆಯನ್ನು ಇಂದಿಗೂ ಪಾಠ ಮಾಡುತ್ತಾರೆ.

ಭ್ರೂಣದಲ್ಲಿ ಮಹಾಪಧಮನಿಯ ಮುಂಭಾಗದಿಂದ ನಾಲ್ಕು ಬೇರುಗಳು ಮುಂದಕ್ಕೆ ಚಾಚಿರುತ್ತವೆ. ಅವುಗಳ ತುದಿಗಳನ್ನು ಉದ್ದಕ್ಕೆ ಇಳಿಯುವ ಒಂದು ರಕ್ತನಾಳ ಪರಸ್ಪರ ಜೋಡಿಸಿರುತ್ತದೆ. ಪಕ್ಕದಿಂದ ನೋಡಿದರೆ ನಾಲ್ಕು ಮೆಟ್ಟಿಲಿನ ಏಣಿಯ ಹಾಗೆ: ಹಿಂದಿನ ಕಂಬ ಮಹಾಪಧಮನಿ, ಮುಂದಿನ ಕಂಬ ಆ ಜೋಡಣೆಯ ನಾಳ, ನಡುವಿನ ಮೆಟ್ಟಿಲುಗಳು ಬೇರುಗಳು. ಎಡ ಜಠರ, ಗುಲ್ಮ ಮತ್ತು ಯಕೃತ್ತಿನ ಅಪಧಮನಿಗಳು ಮುಂದಿನ ಕಂಬದಿಂದ ಕವಲೊಡೆಯುತ್ತವೆ. ಬೆಳವಣಿಗೆ ಮುಂದುವರಿದಂತೆ ನಡುವಿನ ಎರಡು ಮೆಟ್ಟಿಲುಗಳು ಕರಗುತ್ತವೆ. ಮೇಲಿನ ಮೆಟ್ಟಿಲು ಸೀಲಿಯಾಕ್ ಟ್ರಂಕ್ ಆಗಿ, ಕೆಳಗಿನದು ಎಸ್‌ಎಂಎ ಆಗಿ ಉಳಿಯುತ್ತದೆ. ಮುಂದಿನ ಕಂಬ ಕೊನೆಯ ಮೆಟ್ಟಿಲಿನ ತುಸು ಮೇಲೆ ಕಡಿದುಹೋಗಿ, ಮೂರೂ ಕವಲುಗಳು ಮೇಲಿನ ಪಾಲಿಗೆ ಬರುತ್ತವೆ.

ಕಂಬ ಎಲ್ಲಿ ಕಡಿಯಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇನ್ನೂ ಮೇಲೆ ಕಡಿದರೆ ಯಕೃತ್ತಿನ ಅಪಧಮನಿ ಎಸ್‌ಎಂಎಯ ಪಾಲಾಗುತ್ತದೆ. ಎಲ್ಲಿಯೂ ಕಡಿಯದೆ ಮೇಲಿನ ಬೇರು ಕರಗಿಹೋದರೆ ಸೀಲಿಯಾಕ್ ಮತ್ತು ಎಸ್‌ಎಂಎ ಎರಡೂ ಒಂದೇ ಕಾಂಡದಿಂದ ಹೊರಡುತ್ತವೆ.

ಇದಕ್ಕೆ ಇನ್ನೊಂದು ಎಳೆ ಸೇರಿಸಿಕೊಳ್ಳಿ. ಭ್ರೂಣದ ಯಕೃತ್ತಿಗೆ ಮೂರು ಅಪಧಮನಿಗಳು ರಕ್ತ ತರುತ್ತವೆ: ಎಡಭಾಗಕ್ಕೆ ಎಡ ಜಠರ ಅಪಧಮನಿಯಿಂದ ಒಂದು, ನಡುವೆ ಸಾಮಾನ್ಯ ಯಕೃತ್ ಅಪಧಮನಿಯಿಂದ ಒಂದು, ಬಲಭಾಗಕ್ಕೆ ಎಸ್‌ಎಂಎಯಿಂದ ಒಂದು. ಸಾಮಾನ್ಯವಾಗಿ ಎಡದ್ದು ಮತ್ತು ಬಲದ್ದು ಕ್ಷೀಣಿಸಿ, ನಡುವಿನದು ಇಡೀ ಯಕೃತ್ತನ್ನು ವಹಿಸಿಕೊಳ್ಳುತ್ತದೆ. ಕ್ಷೀಣಿಸಬೇಕಾದದ್ದು ಉಳಿದುಕೊಂಡರೆ ಅದೇ ನಾವು ಹುಡುಕುತ್ತಿರುವ ವ್ಯತ್ಯಾಸ. ಎಡಭಾಗದ ಬೇರೆ ಅಪಧಮನಿ ಸಾಮಾನ್ಯವಾಗಿ ಎಡ ಜಠರ ಅಪಧಮನಿಯಿಂದಲೇ, ಬಲಭಾಗದ್ದು ಎಸ್‌ಎಂಎಯಿಂದಲೇ ಹೊರಡುವುದೇಕೆ ಎಂಬುದು ಇಲ್ಲಿಗೆ ತಿಳಿಯಿತು. ಹೀಗೆ ತಿಳಿದವರು ಪಟ್ಟಿ ಬಾಯಿಪಾಠ ಮಾಡಬೇಕಾಗಿಲ್ಲ.

ಕುಳಿತು ಎಣಿಸಿದವರು

ಈ ವ್ಯತ್ಯಾಸಗಳನ್ನು ಕ್ರಮವಾಗಿ ಎಣಿಸಿ ಹೆಸರು ಮಾಡಿದವರು ಅಮೆರಿಕದ ಫಿಲಡೆಲ್ಫಿಯಾದ ನಿಕೋಲಸ್ ಮಿಶೆಲ್ಸ್. ಇನ್ನೂರು ಮೃತದೇಹಗಳಲ್ಲಿ ಮೇಲ್ಹೊಟ್ಟೆಯ ರಕ್ತನಾಳಗಳನ್ನು ಬಿಡಿಸಿ ನೋಡಿದ ಅವರು 1955ರಲ್ಲಿ ಅದನ್ನೊಂದು ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. 1966ರ ಲೇಖನದಲ್ಲಿ ಯಕೃತ್ ಅಪಧಮನಿಗಳನ್ನು ಹತ್ತು ವಿಧಗಳಾಗಿ ವಿಂಗಡಿಸಿದರು. ಇಂದಿಗೂ ರೇಡಿಯಾಲಜಿ ವಿಭಾಗಗಳಲ್ಲಿ ‘ಮಿಶೆಲ್ಸ್ ಟೈಪ್ ತ್ರೀ’ ಎಂದರೆ ಸಾಕು, ಎದುರಿನವರಿಗೆ ಅರ್ಥವಾಗುತ್ತದೆ.

ಆ ಹತ್ತು ವಿಧಗಳಿಗೆ ಕೀಲಿ ಎರಡು ಪದಗಳು. ಒಂದು ಭಾಗದ ಮಾಮೂಲಿ ಅಪಧಮನಿ ಇಲ್ಲವೇ ಇಲ್ಲ, ಅದರ ಕೆಲಸವನ್ನು ಬೇರೆಡೆ ಹುಟ್ಟಿದ ಅಪಧಮನಿ ಪೂರ್ತಿಯಾಗಿ ಮಾಡುತ್ತಿದೆ ಎಂದಾದರೆ ಅದು ಬದಲಿ ಅಪಧಮನಿ. ಮಾಮೂಲಿಯೂ ಇದೆ, ಜೊತೆಗೆ ಇನ್ನೊಂದೂ ಬಂದಿದೆ ಎಂದಾದರೆ ಆ ಇನ್ನೊಂದು ಹೆಚ್ಚುವರಿ ಅಪಧಮನಿ. ಈಗ ವಿಧಗಳನ್ನು ಸುಲಭವಾಗಿ ಹೇಳಬಹುದು. ಮೊದಲನೆಯದು ಪುಸ್ತಕದ ಚಿತ್ರ. ಎರಡನೆಯದರಲ್ಲಿ ಎಡ ಜಠರ ಅಪಧಮನಿಯಿಂದ ಬದಲಿ ಎಡ ಅಪಧಮನಿ. ಮೂರನೆಯದರಲ್ಲಿ ಎಸ್‌ಎಂಎಯಿಂದ ಬದಲಿ ಬಲ ಅಪಧಮನಿ. ನಾಲ್ಕನೆಯದರಲ್ಲಿ ಎರಡೂ ಬದಲಿ. ಐದು, ಆರು, ಏಳು ಇವೇ ಮೂರರ ಹೆಚ್ಚುವರಿ ರೂಪಗಳು. ಎಂಟರಲ್ಲಿ ಒಂದು ಬದಿ ಬದಲಿ, ಇನ್ನೊಂದು ಬದಿ ಹೆಚ್ಚುವರಿ. ಒಂಬತ್ತರಲ್ಲಿ ಸಾಮಾನ್ಯ ಯಕೃತ್ ಅಪಧಮನಿಯೇ ಎಸ್‌ಎಂಎಯಿಂದ ಹೊರಡುತ್ತದೆ. ಹತ್ತರಲ್ಲಿ ಅದು ಎಡ ಜಠರ ಅಪಧಮನಿಯಿಂದ ಹೊರಡುತ್ತದೆ.

ಮಿಶೆಲ್ಸ್ ನೋಡಿದ ದೇಹಗಳಲ್ಲಿ ಮೊದಲ ವಿಧ ಇದ್ದದ್ದು ಶೇ. 55ರಲ್ಲಿ ಮಾತ್ರ. ಎರಡನೆಯದು ಶೇ. 10, ಮೂರನೆಯದು ಶೇ. 11. ಅಂದರೆ ಪುಸ್ತಕದ ಚಿತ್ರ ಅರ್ಧಕ್ಕಿಂತ ತುಸು ಹೆಚ್ಚು ಜನರ ಚಿತ್ರ.

1994ರಲ್ಲಿ ಲಾಸ್ ಏಂಜಲಿಸ್‌ನ ಹಯಾಟ್ ಮತ್ತು ಸಂಗಡಿಗರು ಇನ್ನೊಂದು ಲೆಕ್ಕ ಕೊಟ್ಟರು. ಅವರ ಕೈಯಲ್ಲಿದ್ದದ್ದು ಕಸಿಗಾಗಿ ತೆಗೆದ 1,000 ಯಕೃತ್ತುಗಳು. ಬದಲಿ, ಹೆಚ್ಚುವರಿ ಎಂಬ ಭೇದವನ್ನು ಬದಿಗಿಟ್ಟು ಅವರು ಆರೇ ವಿಧ ಮಾಡಿದರು. ಸಾಮಾನ್ಯ ರಚನೆ ಶೇ. 75.7, ಎಡಭಾಗದ ವ್ಯತ್ಯಾಸ ಶೇ. 9.7, ಬಲಭಾಗದ್ದು ಶೇ. 10.6, ಎರಡೂ ಬದಿ ಶೇ. 2.3, ಸಾಮಾನ್ಯ ಯಕೃತ್ ಅಪಧಮನಿ ಎಸ್‌ಎಂಎಯಿಂದ ಶೇ. 1.5, ನೇರವಾಗಿ ಮಹಾಪಧಮನಿಯಿಂದ ಶೇ. 0.2. ಈ ಕೊನೆಯ ವಿಧ ಮಿಶೆಲ್ಸ್ ಪಟ್ಟಿಯಲ್ಲಿ ಇರಲಿಲ್ಲ.

ಒಬ್ಬರಿಗೆ 55, ಇನ್ನೊಬ್ಬರಿಗೆ 75.7. ಯಾರು ಸರಿ? ಹೊಸಬರು ಇಲ್ಲಿ ಗಲಿಬಿಲಿಗೊಳ್ಳುತ್ತಾರೆ. ಕತ್ತರಿ ಹಿಡಿದು ನಿಧಾನವಾಗಿ ಬಿಡಿಸಿದವರಿಗೆ ಸಿಕ್ಕುವ ಸಣ್ಣ ಹೆಚ್ಚುವರಿ ಅಪಧಮನಿ ತುರ್ತಿನ ಅಂಗ ಸಂಗ್ರಹದಲ್ಲಿ ಕಣ್ಣಿಗೆ ಬೀಳದೆ ಹೋಗಬಹುದು. ನೋಡಿದ ಜನರೂ ಬೇರೆ, ನೋಡಿದ ವಿಧಾನವೂ ಬೇರೆ. ಇನ್ನು 2010ರಲ್ಲಿ ದಕ್ಷಿಣ ಕೊರಿಯಾದ ಸಾಂಗ್ ಮತ್ತು ಸಂಗಡಿಗರು 5,002 ರೋಗಿಗಳ ಸಿ.ಟಿ. ಮತ್ತು ಆಂಜಿಯೋಗ್ರಾಂ ನೋಡಿ ಶೇ. 89.1 ಮಂದಿಯಲ್ಲಿ ಸಾಮಾನ್ಯ ರಚನೆ ಎಂದರು. ಆದರೆ ಅವರು ಕೇಳಿದ್ದು ಸೀಲಿಯಾಕ್ ಟ್ರಂಕ್ ಮತ್ತು ಸಾಮಾನ್ಯ ಯಕೃತ್ ಅಪಧಮನಿಯ ಬಗ್ಗೆ. ಬಲ ಮತ್ತು ಎಡ ಅಪಧಮನಿಗಳ ವ್ಯತ್ಯಾಸ ಆ ಅಂಕಿಯಲ್ಲಿ ಇಲ್ಲ. ಆದ್ದರಿಂದ ಶೇಕಡಾವಾರು ಅಂಕಿ ಕಂಡಾಗಲೆಲ್ಲ, ಅದು ಯಾವ ಪ್ರಶ್ನೆಗೆ ಬಂದ ಉತ್ತರ ಎಂದು ಮೊದಲು ಕೇಳಿ.

ಸಿ.ಟಿ. ಹೇಗೆ ತೋರಿಸುತ್ತದೆ

ಸಿ.ಟಿ. ಯಂತ್ರದಿಂದ ಮೊದಲ ರೋಗಿಯ ಸ್ಕ್ಯಾನ್ ಆದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಅದನ್ನು ರೂಪಿಸಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್, ಗಣಿತದ ತಳಹದಿ ಹಾಕಿದ ಅಲನ್ ಕಾರ್ಮ್ಯಾಕ್ ಜೊತೆ 1979ರ ನೊಬೆಲ್ ಪಡೆದರು. ಆ ಯಂತ್ರ ತಲೆಯ ಒಂದೊಂದೇ ಹೋಳನ್ನು ನಿಮಿಷಗಟ್ಟಲೆ ತೆಗೆದುಕೊಂಡು ಚಿತ್ರಿಸುತ್ತಿತ್ತು. ಯಕೃತ್ತಿನ ಅಪಧಮನಿ ಅದರ ಕೈಗೆ ಎಟುಕುವಂಥದ್ದಲ್ಲ. ಹಾಗಾಗಿ ಬಹುಕಾಲ ತೊಡೆಸಂದಿಯ ಅಪಧಮನಿಯಿಂದ ಕ್ಯಾಥೆಟರ್ ತೂರಿಸಿ ಮಾಡುವ ಆಂಜಿಯೋಗ್ರಾಂ ಒಂದೇ ದಾರಿಯಾಗಿತ್ತು. 1989ರ ಸುಮಾರಿಗೆ ಸುರುಳಿ ಸಿ.ಟಿ., 1998ರಲ್ಲಿ ಏಕಕಾಲಕ್ಕೆ ನಾಲ್ಕು ಹೋಳು ಹಿಡಿಯುವ ಯಂತ್ರ, 2004ರ ಹೊತ್ತಿಗೆ 64 ಹೋಳಿನ ಯಂತ್ರ ಬಂದವು. ಈಗ ಒಂದು ಉಸಿರು ಹಿಡಿಯುವಷ್ಟರಲ್ಲಿ ಇಡೀ ಹೊಟ್ಟೆಯನ್ನು ಮಿಲಿಮೀಟರ್‌ಗಿಂತ ತೆಳ್ಳಗಿನ ಹೋಳುಗಳಲ್ಲಿ ಹಿಡಿಯಬಹುದು. ಎರಡು ಮೂರು ಮಿಲಿಮೀಟರ್ ಅಗಲದ ಅಪಧಮನಿ ಕಾಣುವುದು ಈ ತೆಳುಹೋಳಿನಿಂದ.

ಸಿ.ಟಿ. ಚಿತ್ರದಲ್ಲಿ ಪ್ರತಿ ಬಿಂದುವಿಗೂ ಒಂದು ಸಾಂದ್ರತೆಯ ಅಂಕಿ ಇರುತ್ತದೆ. ಅದರ ಮಾನ ಹೌನ್ಸ್‌ಫೀಲ್ಡ್. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000, ರಕ್ತಕ್ಕೆ ಸುಮಾರು 40, ಯಕೃತ್ತಿಗೆ 50–60. ರಕ್ತಕ್ಕೂ ಯಕೃತ್ತಿಗೂ ಅಂತರ ಇಷ್ಟು ಕಡಿಮೆ ಇರುವುದರಿಂದ ಅಪಧಮನಿ ತಾನಾಗಿ ಎದ್ದು ಕಾಣುವುದಿಲ್ಲ. ಅಯೋಡಿನ್ ಇರುವ ಕಾಂಟ್ರಾಸ್ಟ್ ದ್ರವವನ್ನು ಮೊಣಕೈ ಮಡಿಕೆಯ ಅಭಿಧಮನಿಗೆ ಸೆಕೆಂಡಿಗೆ ನಾಲ್ಕೈದು ಮಿಲಿಲೀಟರ್ ವೇಗದಲ್ಲಿ, ಒಟ್ಟು 80ರಿಂದ 120 ಮಿಲಿಲೀಟರ್‌ನಷ್ಟು ಹಾಯಿಸಿದಾಗ ಅಪಧಮನಿಗಳ ಅಂಕಿ 250–400ಕ್ಕೆ ಏರಿ, ಅವು ಬೆಳ್ಳಗೆ ಬೆಳಗುತ್ತವೆ.

ಆದರೆ ಆ ಬೆಳಕು ಕೆಲವೇ ಸೆಕೆಂಡಿನದು. ಕಾಂಟ್ರಾಸ್ಟ್ ಮೊದಲು ಅಪಧಮನಿಗೆ, ಆಮೇಲೆ ಪೋರ್ಟಲ್ ಅಭಿಧಮನಿಗೆ, ಅಲ್ಲಿಂದ ಯಕೃತ್ತಿನ ಅಭಿಧಮನಿಗಳಿಗೆ ತಲುಪುತ್ತದೆ. ಹೃದಯದ ವೇಗ ಎಲ್ಲರಿಗೂ ಒಂದೇ ಅಲ್ಲವಾದ್ದರಿಂದ ಗಡಿಯಾರ ನೋಡಿ ಸ್ಕ್ಯಾನ್ ಶುರುಮಾಡುವುದು ಭರವಸೆಯ ಕ್ರಮವಲ್ಲ. ಯಂತ್ರ ಮಹಾಪಧಮನಿಯ ಮೇಲೆ ಕಣ್ಣಿಟ್ಟು, ಅಲ್ಲಿನ ಅಂಕಿ 100–150 ದಾಟಿದ ಕೂಡಲೇ ಎಚ್ಚೆತ್ತು, ಕೆಲವು ಸೆಕೆಂಡ್ ಬಿಟ್ಟು ಸ್ಕ್ಯಾನ್ ಮಾಡುತ್ತದೆ. ಇದಕ್ಕೆ ಬೋಲಸ್ ಟ್ರ್ಯಾಕಿಂಗ್ ಎನ್ನುತ್ತಾರೆ. ಅಪಧಮನಿಯ ನಕ್ಷೆಗೆ ಬೇಗನೆ ಹಿಡಿದ ಹಂತ ಒಳ್ಳೆಯದು. ಗೆಡ್ಡೆ ಹುಡುಕಲು ಸುಮಾರು 35 ಸೆಕೆಂಡಿನ ತಡ ಅಪಧಮನಿ ಹಂತ ಬೇಕು. ಪೋರ್ಟಲ್ ಅಭಿಧಮನಿಗೆ 60–70 ಸೆಕೆಂಡಿನ ಹಂತ.

ಸ್ಕ್ಯಾನ್‌ಗೆ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ನೋಡಬೇಕು, ಕಾಂಟ್ರಾಸ್ಟ್‌ಗೆ ಹಿಂದೆ ಅಲರ್ಜಿ ಆಗಿತ್ತೇ ಎಂದು ಕೇಳಬೇಕು. ಕುಡಿಯಲು ಬಿಳಿ ಕಾಂಟ್ರಾಸ್ಟ್ ಕೊಡದೆ ಬರೀ ನೀರು ಕೊಡಬೇಕು. ಇಲ್ಲದಿದ್ದರೆ ಕರುಳಿನ ಬಿಳುಪಿನಲ್ಲಿ ಅಪಧಮನಿ ಮುಚ್ಚಿಹೋಗುತ್ತದೆ.

ಓದುವ ಕ್ರಮ

ಕಂಪ್ಯೂಟರ್ ತೆಳುಹೋಳುಗಳನ್ನು ಜೋಡಿಸಿ ಬಣ್ಣಬಣ್ಣದ ಮೂರು ಆಯಾಮದ ಚಿತ್ರ ಕೊಡುತ್ತದೆ. ಶಸ್ತ್ರವೈದ್ಯರಿಗೆ ವಿವರಿಸಲು ಅದು ಬಹಳ ಚೆಂದ. ಆದರೆ ತೀರ್ಮಾನವನ್ನು ಅದರ ಮೇಲೆ ಮಾಡಬೇಡಿ. ಬೆಳಕಿನ ಮಿತಿಯನ್ನು ಸ್ವಲ್ಪ ಬದಲಿಸಿದರೂ ಸಣ್ಣ ಅಪಧಮನಿ ಅದರಲ್ಲಿ ಮಾಯವಾಗುತ್ತದೆ. ಅತಿ ಬೆಳಗುವ ಬಿಂದುಗಳನ್ನು ಒಂದೇ ತಳದಲ್ಲಿ ಹಾಸುವ ಎಂಐಪಿ ಚಿತ್ರದಲ್ಲಿ ಎರಡು ನಾಳಗಳು ಒಂದರ ಮೇಲೊಂದು ಬಿದ್ದು ಒಂದೇ ಎಂಬಂತೆ ಕಾಣಬಹುದು. ಅನುಮಾನ ಬಂದಾಗೆಲ್ಲ ಅಡ್ಡಹೋಳಿನ ಮೂಲಚಿತ್ರಕ್ಕೆ ಮರಳಿ.

ಮೊದಲು ಪಕ್ಕದ ನೋಟದಲ್ಲಿ ಮಹಾಪಧಮನಿಯನ್ನು ನೋಡಿ, ಸೀಲಿಯಾಕ್ ಮತ್ತು ಎಸ್‌ಎಂಎಯ ಬುಡಗಳನ್ನು ಗುರುತಿಸಿ. ಕೆಲವರಲ್ಲಿ ವಪೆಯ ಒಂದು ನಾರುಪಟ್ಟಿ ಸೀಲಿಯಾಕ್ ಬುಡವನ್ನು ಮೇಲಿನಿಂದ ಒತ್ತಿ ಕೊಕ್ಕೆಯಂತೆ ಬಾಗಿಸಿರುತ್ತದೆ. ಆಗ ಎಸ್‌ಎಂಎಯ ಕಡೆಯಿಂದ ಜಿಡಿಎಯ ಮೂಲಕ ರಕ್ತ ಹಿಮ್ಮುಖವಾಗಿ ಯಕೃತ್ತಿಗೆ ಹರಿಯುವುದುಂಟು. ಇದನ್ನು ಬರೆದಿಡಿ.

ಎರಡನೆಯದಾಗಿ ಜಿಡಿಎಯನ್ನು ಹುಡುಕಿ. ಸಾಂಗ್ ಮತ್ತು ಸಂಗಡಿಗರ ವ್ಯಾಖ್ಯೆಯಂತೆ, ಜಿಡಿಎಯನ್ನೂ ಯಕೃತ್ತಿನ ಕನಿಷ್ಠ ಒಂದು ಭಾಗದ ಅಪಧಮನಿಯನ್ನೂ ಹೊತ್ತ ಕಾಂಡವೇ ಸಾಮಾನ್ಯ ಯಕೃತ್ ಅಪಧಮನಿ, ಅದು ಎಲ್ಲಿಂದಲಾದರೂ ಹುಟ್ಟಿರಲಿ. ಎಸ್‌ಎಂಎಯಿಂದ ಯಕೃತ್ತಿಗೆ ಹೋಗುವ ನಾಳ ಕಂಡಾಗ ಅದು ಮೂರನೆಯ ವಿಧವೋ ಒಂಬತ್ತನೆಯದೋ ಎಂಬ ಅನುಮಾನ ಇದರಿಂದ ತೀರುತ್ತದೆ. ಆ ನಾಳದಿಂದ ಜಿಡಿಎ ಕವಲೊಡೆದಿದ್ದರೆ ಒಂಬತ್ತು. ಜಿಡಿಎ ಸೀಲಿಯಾಕ್ ಕಡೆಯಿಂದ ಬಂದಿದ್ದು, ಆ ನಾಳ ಬಲಭಾಗಕ್ಕೆ ಮಾತ್ರ ಹೋಗುತ್ತಿದ್ದರೆ ಮೂರು.

ಮೂರನೆಯದಾಗಿ ಎರಡು ಜಾಗಗಳನ್ನು ತಪ್ಪದೆ ನೋಡಿ. ಎಡ ಜಠರ ಅಪಧಮನಿಯಿಂದ ಹುಟ್ಟಿದ ಎಡ ಯಕೃತ್ ಅಪಧಮನಿ, ಕಾಡೇಟ್ ಹಾಲೆ ಮತ್ತು ಎಡ ಹಾಲೆಗಳ ನಡುವಿನ ಬಿರುಕಿನಲ್ಲಿ ನುಸುಳಿ ಯಕೃತ್ತನ್ನು ಸೇರುತ್ತದೆ. ಆ ಬಿರುಕಿನಲ್ಲಿ ಬೆಳಗುವ ಅಪಧಮನಿ ಕಂಡರೆ ಎಡಭಾಗದ ವ್ಯತ್ಯಾಸ ಬಹುತೇಕ ಖಚಿತ. ಎಸ್‌ಎಂಎಯಿಂದ ಹುಟ್ಟಿದ ಬಲ ಅಪಧಮನಿ ಮೇದೋಜೀರಕ ಗ್ರಂಥಿಯ ತಲೆಯ ಹಿಂದೆ, ಪೋರ್ಟಲ್ ಅಭಿಧಮನಿಯ ಹಿಂಬದಿಯಲ್ಲಿ ಏರುತ್ತದೆ. ಮಾಮೂಲಿ ಅಪಧಮನಿ ಪೋರ್ಟಲ್ ಅಭಿಧಮನಿಯ ಮುಂದಿರುತ್ತದೆ ಎಂಬುದನ್ನು ನೆನೆದರೆ ಹಿಂದಿರುವುದು ತಟ್ಟನೆ ಕಣ್ಣಿಗೆ ಬೀಳುತ್ತದೆ.

ಕೊನೆಯದಾಗಿ ದಿಕ್ಕು ತಿರುಗಿಸಿ. ಯಕೃತ್ತಿನ ಒಳಗಿನಿಂದ ಹೊರಟು ಪ್ರತಿ ಭಾಗದ ಅಪಧಮನಿಯನ್ನು ಬುಡದವರೆಗೆ ಹಿಂಬಾಲಿಸಿ. ಫ್ರಾನ್ಸಿನ ಕ್ಲೋಡ್ ಕೂಯ್ನೋ 1957ರಲ್ಲಿ ವಿವರಿಸಿದ ಎಂಟು ಭಾಗಗಳ ಲೆಕ್ಕ ಇಲ್ಲಿ ನೆರವಿಗೆ ಬರುತ್ತದೆ. ಎರಡು, ಮೂರು, ನಾಲ್ಕನೆಯ ಭಾಗಗಳು, ಬಲದ ಮುಂಭಾಗ, ಬಲದ ಹಿಂಭಾಗ, ಪ್ರತಿಯೊಂದಕ್ಕೂ ಬುಡ ಸಿಕ್ಕಿತೇ? ಸಿಗದ ಭಾಗ ಒಂದಿದ್ದರೆ ನೀವು ನೋಡದ ಅಪಧಮನಿ ಒಂದಿದೆ ಎಂದೇ ಅರ್ಥ. ಬದಲಿಯೋ ಹೆಚ್ಚುವರಿಯೋ ಎಂಬುದು ತೀರ್ಮಾನವಾಗುವುದೂ ಈ ಹಂತದಲ್ಲಿ. ಹೆಚ್ಚುವರಿ ಎಂದ ಮಾತ್ರಕ್ಕೆ ಅದು ಇದ್ದರೂ ಸರಿ, ಹೋದರೂ ಸರಿ ಎಂದಲ್ಲ. ಅದು ಯಕೃತ್ತಿನ ಒಂದು ನಿರ್ದಿಷ್ಟ ಭಾಗಕ್ಕೆ ರಕ್ತ ಕೊಡುತ್ತಿರುತ್ತದೆ ಎಂದು ಮಿಶೆಲ್ಸ್ ಆಗಲೇ ಎಚ್ಚರಿಸಿದ್ದರು.

ಈ ನಕ್ಷೆ ಯಾರಿಗೆ ಬೇಕು

ಮೇದೋಜೀರಕದ ತಲೆಯ ಕ್ಯಾನ್ಸರ್ ತೆಗೆಯುವವರಿಗೆ ಅದರ ಹಿಂದೆ ಹಾಯುವ ಬದಲಿ ಬಲ ಅಪಧಮನಿ ಇದೆಯೇ ಎಂದು ಮುಂಚೆಯೇ ತಿಳಿಯಬೇಕು. ಟೇಸ್ ಮಾಡುವವರಿಗೆ ಎಡ ಹಾಲೆಯ ಗೆಡ್ಡೆಯ ರಕ್ತ ಎಡ ಜಠರ ಅಪಧಮನಿಯಿಂದ ಬರುತ್ತಿದ್ದರೆ, ಸಾಮಾನ್ಯ ಯಕೃತ್ ಅಪಧಮನಿಯೊಳಗೆ ಎಷ್ಟು ಹುಡುಕಿದರೂ ಪ್ರಯೋಜನವಿಲ್ಲ. ಯಕೃತ್ತಿನ ರಕ್ತಸ್ರಾವ ತಡೆಯಲು, ಅದರ ಬುಡದಲ್ಲಿ ಅಪಧಮನಿ, ಪೋರ್ಟಲ್ ಅಭಿಧಮನಿ ಮತ್ತು ಪಿತ್ತನಾಳ ಒಟ್ಟಾಗಿ ಹಾಯುವ ಕಟ್ಟನ್ನು ಹಿಸುಕುವ ಉಪಾಯವನ್ನು ಪ್ರಿಂಗಲ್ ಎಂಬ ಶಸ್ತ್ರವೈದ್ಯರು 1908ರಲ್ಲಿ ಹೇಳಿದರು. ಆದರೆ ಎಡ ಜಠರ ಅಪಧಮನಿಯಿಂದ ಬರುವ ನಾಳ ಆ ಕಟ್ಟಿನಲ್ಲಿ ಹಾಯುವುದೇ ಇಲ್ಲ. ಹಿಸುಕಿದರೂ ಎಡಭಾಗದಿಂದ ರಕ್ತ ಹರಿಯುತ್ತಲೇ ಇರುತ್ತದೆ.

ಯಕೃತ್ ಕಸಿಯಲ್ಲಂತೂ ಈ ನಕ್ಷೆ ಇಲ್ಲದೆ ನಡೆಯುವುದಿಲ್ಲ. ನಮ್ಮ ದೇಶದಲ್ಲಿ ಯಕೃತ್ ಕಸಿಯ ಬಹುಪಾಲು ಜೀವಂತ ದಾನಿಗಳಿಂದ, ಹೆಚ್ಚಾಗಿ ಮನೆಯವರಿಂದಲೇ ಆಗುತ್ತದೆ. ಆರೋಗ್ಯವಂತರೊಬ್ಬರ ಬಲ ಹಾಲೆಯನ್ನು ತೆಗೆಯುವಾಗ ಅವರಲ್ಲೇ ಉಳಿಯುವ ನಾಲ್ಕನೆಯ ಭಾಗದ ಅಪಧಮನಿ ಬಲದಿಂದ ಹುಟ್ಟಿದೆಯೋ ಎಡದಿಂದಲೋ ಎಂದು ತಿಳಿಯದೆ ಕತ್ತರಿಸುವಂತಿಲ್ಲ. ಕರ್ನಾಟಕದಲ್ಲಿ ಮರಣಾನಂತರದ ಅಂಗದಾನವನ್ನು ಜೀವಸಾರ್ಥಕತೆ ಸಂಸ್ಥೆ ಸಂಯೋಜಿಸುತ್ತದೆ. ಅಂಥ ದಾನದಲ್ಲಿ ಯಕೃತ್ತನ್ನು ಹೊರತೆಗೆಯುವ ತಂಡವೂ ಬದಲಿ ಅಪಧಮನಿಗಳನ್ನು ಬುಡಸಮೇತ ಉಳಿಸಿಕೊಳ್ಳಬೇಕಾಗುತ್ತದೆ. ವ್ಯತ್ಯಾಸ ಇದ್ದರೆ ತೊಂದರೆಯೇ ಎಂದೇನಿಲ್ಲ. ಎಸ್‌ಎಂಎಯಿಂದ ಬರುವ ಬದಲಿ ಬಲ ಅಪಧಮನಿ ಉದ್ದವಾಗಿರುವುದರಿಂದ, ಬಲ ಹಾಲೆ ದಾನ ಮಾಡುವವರಲ್ಲಿ ಅದು ಜೋಡಣೆಗೆ ಅನುಕೂಲವೇ ಆಗುತ್ತದೆ.

ಅಧ್ಯಯನ ಮಾಡಲು ಹೊರಟರೆ

ಎಂ.ಡಿ. ಪದವಿಗೆ ಪ್ರಬಂಧ ಬರೆಯಬೇಕಾದ ವಿದ್ಯಾರ್ಥಿಗಳಿಗೆ ಈ ವಿಷಯ ಸಹಜವಾಗಿಯೇ ಆಕರ್ಷಕ, ಏಕೆಂದರೆ ಸಾಮಗ್ರಿ ಆಸ್ಪತ್ರೆಯ ಕಂಪ್ಯೂಟರಿನಲ್ಲೇ ಇದೆ. ಬೇರೆ ಕಾರಣಕ್ಕೆ ಆಗಲೇ ಮಾಡಿದ ಸ್ಕ್ಯಾನ್‌ಗಳನ್ನು ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಹೆಸರು ಅಳಿಸಿ ಬಳಸಿ. ಎಣಿಕೆಗೆಂದೇ ಯಾರಿಗೂ ವಿಕಿರಣ ತಾಗಿಸಬಾರದು. ಮೇಲ್ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರನ್ನು, ಗೆಡ್ಡೆಯಿಂದ ನಾಳಗಳ ಜಾಗ ಪಲ್ಲಟವಾದವರನ್ನು, ಅಪಧಮನಿ ಹಂತ ಮಸುಕಾದ ಸ್ಕ್ಯಾನ್‌ಗಳನ್ನು ಬಿಡಬೇಕು. ಎಷ್ಟು ಬಿಟ್ಟಿರಿ, ಏಕೆ ಬಿಟ್ಟಿರಿ ಎಂದು ಬರೆಯಬೇಕು.

ಇಬ್ಬರು ಪ್ರತ್ಯೇಕವಾಗಿ ಓದಿ, ಆಮೇಲೆ ಹೋಲಿಸಬೇಕು. ಹೋಲಿಕೆಯಲ್ಲಿ ಒಂದು ಮೋಸ ಅಡಗಿದೆ. ಇಬ್ಬರೂ ಚಿತ್ರ ನೋಡದೆಯೇ ನೂರರಲ್ಲಿ ಎಪ್ಪತ್ತೈದಕ್ಕೆ ‘ಸಾಮಾನ್ಯ’ ಎಂದು, ಉಳಿದುದಕ್ಕೆ ‘ವ್ಯತ್ಯಾಸ’ ಎಂದು ಕಣ್ಣುಮುಚ್ಚಿ ಬರೆದರು ಎನ್ನಿ. ಆಗಲೂ ಶೇ. 62.5ರಷ್ಟು ಕಡೆ ಇಬ್ಬರ ಉತ್ತರ ಹೊಂದುತ್ತದೆ. ಆದ್ದರಿಂದ ಶೇ. 80 ಒಮ್ಮತ ಎಂದು ಹಿಗ್ಗುವ ಮೊದಲು, ಆಕಸ್ಮಿಕದ ಪಾಲನ್ನು ಕಳೆದು ಒಮ್ಮತ ಅಳೆಯುವ ಕಾಪ್ಪಾ ಅಂಕಿಯನ್ನು ನೋಡಬೇಕು.

ಇನ್ನೊಂದು ಎಚ್ಚರ ವಿರಳ ವಿಧಗಳ ಬಗ್ಗೆ. ಹಯಾಟ್ ಪಟ್ಟಿಯ ಆರನೆಯ ವಿಧ ಸಾವಿರದಲ್ಲಿ ಎರಡು. ನೀವು 200 ಸ್ಕ್ಯಾನ್ ನೋಡಿದರೆ ಅದು ಒಂದೂ ಸಿಗದಿರುವ ಸಂಭವ ಸುಮಾರು ಮೂರರಲ್ಲಿ ಎರಡು. ಹಾಗಾಗಿ ‘ನಮ್ಮ ಜನರಲ್ಲಿ ಈ ವಿಧ ಇಲ್ಲ’ ಎಂದು ಬರೆಯಬೇಡಿ. ಇನ್ನೂರರಲ್ಲಿ ಸೊನ್ನೆ ಬಂದರೆ ಸಂಖ್ಯಾಶಾಸ್ತ್ರ ಹೇಳಬಲ್ಲದ್ದು ಇಷ್ಟೇ: ಅದರ ನಿಜವಾದ ಪ್ರಮಾಣ ಬಹುಶಃ ಶೇ. 1.5ಕ್ಕಿಂತ ಕಡಿಮೆ. ಮೂರನ್ನು ಸ್ಕ್ಯಾನ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಈ ಮಿತಿ ಸಿಗುತ್ತದೆ. ಹಾಗೆಯೇ ಒಂದು ಆಸ್ಪತ್ರೆಗೆ ಬಂದ ರೋಗಿಗಳ ಲೆಕ್ಕವನ್ನು ಇಡೀ ರಾಜ್ಯದ ಲೆಕ್ಕ ಎನ್ನಲಾಗದು.

ವರದಿ ಬರೆಯುವಾಗ

ಹೊಸಬರು ‘ಮಿಶೆಲ್ಸ್ ಟೈಪ್ ತ್ರೀ’ ಎಂದು ಒಂದೇ ಸಾಲು ಬರೆದು ಮುಗಿಸುವುದುಂಟು. ಅದರ ಬದಲು ಹೀಗೆ ಬರೆಯಿರಿ: ‘ಬಲ ಯಕೃತ್ ಅಪಧಮನಿ ಎಸ್‌ಎಂಎಯ ಬುಡದ ಹತ್ತಿರ ಹುಟ್ಟಿ, ಮೇದೋಜೀರಕದ ತಲೆ ಮತ್ತು ಪೋರ್ಟಲ್ ಅಭಿಧಮನಿಯ ಹಿಂದೆ ಸಾಗಿ, ಇಡೀ ಬಲ ಹಾಲೆಗೆ ರಕ್ತ ಕೊಡುತ್ತದೆ. ಎಡ ಯಕೃತ್ ಅಪಧಮನಿ ಮತ್ತು ಜಿಡಿಎ ಸೀಲಿಯಾಕ್‌ನಿಂದ ಬಂದ ಸಾಮಾನ್ಯ ಯಕೃತ್ ಅಪಧಮನಿಯ ಕವಲುಗಳು.’ ಇದರಲ್ಲಿ ಹುಟ್ಟು, ದಾರಿ, ಭಾಗ ಮೂರೂ ಇವೆ. ವಿಧದ ಸಂಖ್ಯೆಯನ್ನು ಕೊನೆಗೆ ಸೇರಿಸಿದರಾಯಿತು. ಈ ಎರಡು ವಾಕ್ಯ ಓದಿದವರು ಅದನ್ನು ಮಿಶೆಲ್ಸ್ ಪಟ್ಟಿಗೂ ಹಯಾಟ್ ಪಟ್ಟಿಗೂ ಹೊಂದಿಸಿಕೊಳ್ಳಬಲ್ಲರು, ನಾಳೆ ಯಾರಾದರೂ ಹೊಸ ಪಟ್ಟಿ ಮಾಡಿದರೆ ಅದಕ್ಕೂ ಹೊಂದಿಸಬಲ್ಲರು. ಬರೀ ಸಂಖ್ಯೆಯಿಂದ ಅಪಧಮನಿಯ ದಾರಿಯನ್ನು ಮರಳಿ ಕಟ್ಟಿಕೊಳ್ಳಲು ಬರುವುದಿಲ್ಲ. ಯಾವ ಪಟ್ಟಿಗೂ ಸೇರದ ರಚನೆ ಎದುರಾದಾಗಲಂತೂ ಶಸ್ತ್ರವೈದ್ಯರ ಕೈಯಲ್ಲಿ ಉಳಿಯುವುದು ನಿಮ್ಮ ವಿವರಣೆ ಒಂದೇ.